ಒಂದು ಶೇಂಗಾ ಕಾಳಿನ ಮತ

ಹೆಂಡತಿಯ ಅಣ್ಣನೂ ಅನ್ನ ಕೊಡುವ ಸಾಹುಕಾರನೂ ಒಂದೇ ಕುರ್ಚಿಗೆ ನಿಂತರೆ ಬಡಪಾಯಿ ಏನು ಮಾಡಬೇಕು? ನಿಜಾಮರ ಕಾಲದ ಗಂಗಾವತಿಯಲ್ಲಿ ತೂಕದ ಹುಚ್ಚೀರಪ್ಪನಿಗೆ ಅವತ್ತು ಬೆಳಗಿನಿಂದ ಇದೊಂದೇ ಚಿಂತೆ. ಪೇಟೆ ಸಂಘದ ಅಧ್ಯಕ್ಷಗಿರಿಗೆ ಒಂದು ಕಡೆ ಭಾವ ಅಮರಪ್ಪ, ಇನ್ನೊಂದು ಕಡೆ ಇವನು ಕಾಳು ತೂಗುವ ಗೋದಾಮಿನ ಸಾಹುಕಾರ ಕೊಟ್ರಬಸಪ್ಪ. ಇವರಿಬ್ಬರೂ ಸೇರಿ ಸದಸ್ಯರು ಹನ್ನೊಂದು. ಐದು ಅತ್ತ, ಐದು ಇತ್ತ ಎಂದು ಪೇಟೆಯೆಲ್ಲ ಆಡಿಕೊಳ್ಳುತ್ತಿತ್ತು. ಉಳಿದವನು ಇವನೇ! ಭಾವ ಸೋತರೆ ಹೆಂಡತಿ ತವರಿಗೆ, ಸಾಹುಕಾರ ಸೋತರೆ ಕೆಲಸಕ್ಕೆ ಎಳ್ಳುನೀರು. ಈ ಪುಣ್ಯಾತ್ಮ ಇಬ್ಬರಿಗೂ ಮತ ಕೊಡುತ್ತೇನೆಂದು ಮಾತು ಕೊಟ್ಟಿದ್ದ.

ಕೊನೆಗೆ ತನಗೆ ತಿಳಿದ ವಿದ್ಯೆಯನ್ನೇ ಹಿಡಿದ. ಪಕ್ಕದ ಮನೆಯ ಗೋಡೆಗೆ ಹತ್ತಿದ ಪಡಸಾಲೆಯಲ್ಲಿ ತಕ್ಕಡಿ ಕಟ್ಟಿದ. ಎಡಕ್ಕೆ ಭಾವ, ಬಲಕ್ಕೆ ಸಾಹುಕಾರ. ಒಂದೊಂದು ಗುಣಕ್ಕೆ ಒಂದೊಂದು ಹಿಡಿ ಜೋಳ.

"ಕೋರ್ಟಿನ ಮಾತಿಗೆ ನಮ್ಮಣ್ಣಗ ಹಾಕ್ರಿ," ಎಂದಳು ಹೆಂಡತಿ ಕಳಕಮ್ಮ. "ಕಚೇರಿಗೆ ಹೋದ್ರ ಎಲ್ಲಾ ಉರ್ದು ಕಾಗದ. ನಮ್ಮಣ್ಣ ಕಟ್ಟಿ ಮ್ಯಾಲ ಕುಂತು ಕನ್ನಡದಾಗ ನ್ಯಾಯ ಹೇಳ್ತಾನ."

"ಹೇಳ್ಯಾನಲ್ಲ! ಅಣ್ಣತಮ್ಮರ ಎಮ್ಮಿ ಜಗಳ ಬಗಿಹರಿಸಿ ಎಮ್ಮಿ ತನ್ನ ಹಿತ್ತಲದಾಗ ಕಟಗೊಂಡ."

"ಜಗಳ ನಿಂತ್ತೋ ಇಲ್ಲೋ?"

ನಿಂತಿತ್ತು. ಎಡಕ್ಕೆ ಒಂದು ಹಿಡಿ ಬಿತ್ತು.

ಪಕ್ಕದ ಮನೆಯ ಹಜರತಬೀ ಶೇಂಗಾ ಹುರಿದು ಮಾರುವವಳು. ಗೋಡೆಯ ಮೇಲಿಂದ ಇಣುಕಿದಳು. "ಪರರಾಜ್ಯದ ವ್ಯವಹಾರಕ್ಕ ಸಾವ್ಕಾರ್ರ ಛಲೋರಿ. ಹೊಳಿ ಆಚಿ ಇಂಗ್ರೇಜಿ ಸೀಮಿ. ಅವರು ಹೊಸಪೇಟಿಗೆ ಹೊಂಟ್ರ ಸುಂಕದ ನಾಕಾದವ್ರು ಎದ್ದು ಸಲಾಂ ಹೊಡೀತಾರ. ನಿಮ್ಮ ಭಾವ ಹೋದ್ರ ಅಂಗಿ ಬಿಚ್ಚಿಸಿ ನೋಡ್ತಾರ."

ಬಲಕ್ಕೂ ಒಂದು ಹಿಡಿ. ಉಳಿದದ್ದು ಶಾಲೆಯ ಮಾತು.

"ಸಾಲಿಗೆ ಸಾವ್ಕಾರ್ರು ಗೋದಾಮಿನಾಗ ಜಾಗಾ ಕೊಡ್ತಾರ," ಎಂದಳು ಹಜರತಬೀ.

"ಮೆಣಸಿನಕಾಯಿ ಚೀಲದ ನಡುವ? ಅಕ್ಷರ ಕಲಿಯೋದ್ರೊಳಗ ಹುಡುಗ್ರು ಸೀನಿ ಸೀನಿ ಸಾಯ್ತಾವ!" ಎನ್ನುತ್ತ ಕಳಕಮ್ಮ ಎಡ ತಟ್ಟೆಯನ್ನು ಬೆರಳಿನಿಂದ ಒತ್ತಿದಳು. ಹಜರತಬೀ ಬಿಡುವಳೇ? ಕೈ ಚಾಚಿ ಬಲ ತಟ್ಟೆಯನ್ನು ಎಳೆದಳು. ಹಗ್ಗ ಹರಿದು ತಕ್ಕಡಿ ಹುಚ್ಚೀರಪ್ಪನ ಕಾಲ ಮೇಲೆ ಬಿತ್ತು. ಜೋಳ ಕೋಳಿಗಳ ಪಾಲಾಯಿತು. ಜಗಳದಲ್ಲಿ ಒಲೆ ಹಚ್ಚುವವರಿರಲಿಲ್ಲ. ಅವನು ಖಾಲಿ ಹೊಟ್ಟೆಯಲ್ಲೇ ಕುಂಟುತ್ತ ಸಂಘಕ್ಕೆ ಹೋದ.

ಹೋದ ವರ್ಷ ಜೋಳದ ಕಾಳಿನಿಂದ ಮತ ಹಾಕಿಸಿದಾಗ ಒಬ್ಬೊಬ್ಬರು ಹಿಡಿಗಟ್ಟಲೆ ಸುರಿದಿದ್ದರು. ಅದಕ್ಕೇ ಈ ಸಲ ಚುನಾವಣೆ ನಡೆಸುವ ಹಿರಿಯ ಹೊನ್ನೂರಪ್ಪ ಹುರಿದ ಶೇಂಗಾ ತರಿಸಿ, ತಲೆಗೊಂದೇ ಕಾಳು ಹಂಚಿದ. ಒಳಗಿನ ಮಬ್ಬುಗತ್ತಲೆಯ ಕೋಣೆಯಲ್ಲಿ ಎರಡು ಗಡಿಗೆ. ಕೆಂಪು ಬಟ್ಟೆಯದು ಅಮರಪ್ಪನದು, ಬಿಳಿಯದು ಕೊಟ್ರಬಸಪ್ಪನದು. ಒಬ್ಬೊಬ್ಬರೇ ಹೋಗಿ ಮೀಸೆ ಒರೆಸಿಕೊಳ್ಳುತ್ತ ಹೊರಬಂದರು. ಸೆಕೆ ಇರಬೇಕು ಎಂದುಕೊಂಡ ಹುಚ್ಚೀರಪ್ಪ. ಅವನದೇ ಕೊನೆಯ ಸರದಿ.

"ತಂಗಿ ಮುಖ ನೆನಸ್ಕೋ," ಎಂದ ಅಮರಪ್ಪ.

"ಗೆದ್ರ ನಾಳೆ ಲಗೂನ ಕೆಲಸಕ್ಕ ಬಾ," ಎಂದ ಕೊಟ್ರಬಸಪ್ಪ.

ಒಳಗೆ ಹುಚ್ಚೀರಪ್ಪ ಕೆಂಪು ಗಡಿಗೆಗೆ ಕೈ ಚಾಚಿದ, ಗೋದಾಮು ಕಂಡಿತು. ಬಿಳಿಯದಕ್ಕೆ ಚಾಚಿದ, ಹೆಂಡತಿಯ ಗಂಟುಮೂಟೆ ಕಂಡಿತು. ಹಸಿದ ಹೊಟ್ಟೆ, ಘಮಘಮಿಸುವ ಶೇಂಗಾ. ಕೈ ತಾನಾಗಿಯೇ ಬಾಯಿಗೆ ಹೋಯಿತು, ಕಾಳು ಕಟುಂ ಎಂದಿತು.

ಅಯ್ಯೋ ಶಿವನೇ! ಮರುಕ್ಷಣವೇ ಹೊಳೆಯಿತು: ಐದಕ್ಕೆ ಐದು. ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ! ಹೋದ ಜೀವ ಬಂದಂತಾಯಿತು. ಮೀಸೆ ಒರೆಸಿಕೊಂಡು ಹೊರಬಂದ.

ಹೊನ್ನೂರಪ್ಪ ಕೆಂಪು ಗಡಿಗೆ ಬೋರಲು ಹಾಕಿದ. ಒಂದು ಶೇಂಗಾ ಉರುಳಿತು. ಬಿಳಿಯದರಿಂದಲೂ ಒಂದೇ.

"ಹನ್ನೊಂದು ಕೊಟ್ಟಿದ್ನಿ. ಒಂಬತ್ತು ಎಲ್ಲಿಗೆ ಹೋದ್ವು?"

ಒಂಬತ್ತು ಜನ ತೊಲೆ ಎಣಿಸತೊಡಗಿದರು. ಉಳಿದ ಎರಡು ಕಾಳು ಅಭ್ಯರ್ಥಿಗಳವೇ. ಅಂದರೆ ಎಲ್ಲರೂ ತನ್ನ ಹಾಗೆ ಇಬ್ಬರಿಗೂ ಮಾತು ಕೊಟ್ಟವರೇ! ಹುಚ್ಚೀರಪ್ಪನಿಗೆ ನಗು ತಡೆಯಲಾಗಲಿಲ್ಲ. ಹಲ್ಲಿನ ಸಂದಿಯ ಶೇಂಗಾ ಚೂರು ಹಾರಿ ಸಾಹುಕಾರನ ತೊಡೆಯ ಮೇಲೆ ಬಿತ್ತು. ಉಳಿದ ಎಂಟು ಮಂದಿಯೂ ನಗತೊಡಗಿದರು. ಸಾಹುಕಾರ ಹಲ್ಲು ಕಡಿದ, ಆದರೆ ಒಂಬತ್ತು ಜನರಲ್ಲಿ ಯಾರನ್ನೆಂದು ಬೈದಾನು?

"ನಗ್ರಿ, ನಗ್ರಿ," ಎಂದ ಹೊನ್ನೂರಪ್ಪ. "ನಾಳೆ ಮತ್ತ ಬರ್ರಿ. ನಾಳೆ ಬೇವಿನ ಬೀಜ ಕೊಡ್ತೀನಿ. ಯಾರ್ ತಿಂತೀರಿ ನೋಡೂಣು!"

ಹುಚ್ಚೀರಪ್ಪ ಮನೆಗೆ ಬಂದು ನಾಲ್ಕು ರೊಟ್ಟಿ ತಿಂದ. ಒಂದು ದಿನವಂತೂ ಬದುಕಿದ್ದ. ಕೈ ತೊಳೆಯುತ್ತ ಗೋಡೆಯಾಚೆ ಕೂಗಿ ಕೇಳಿದ:

"ಹಜರತಬೀ, ಬೇವಿನ ಬೀಜ ನುಂಗಿದ್ರ ಏನಾಕ್ಕೈತಬೇ?"

"ಹೊಟ್ಟ್ಯಾಗಿನ ಹುಳ ಸಾಯ್ತಾವ್ರಿ."

"ಹಂಗಾರ ಛಲೋ ಆತು ಬಿಡು," ಎಂದು ಹುಚ್ಚೀರಪ್ಪ ಚಾಪೆ ಹಾಸಿದ.