ಗೇಟಿನ ಮೇಲಿನ ಪ್ರೇರಣೆ

ನಮಗೆ ಕಾಲು ಕೊಟ್ಟು, ಆ ಕಾಲಿಗೊಂದು ದಾರಿಯನ್ನೂ ಕೊಟ್ಟ ಭಗವಂತನಿಗೆ ಮೊದಲ ನಮಸ್ಕಾರ.

ನಗರದ ಜನ ಹೊಗೆಯಿಲ್ಲದ ಸಂಚಾರವನ್ನು ಏಕೆ ಆರಿಸಿಕೊಳ್ಳುತ್ತಾರೆ ಎಂಬುದನ್ನು ಕಂಡುಹಿಡಿಯಲು ನಮ್ಮ ನಗರಸಭೆಯಲ್ಲಿ ಪ್ರೇರಣಾ ವಿಭಾಗವಿದೆ. ಹನ್ನೊಂದು ಸಿಬ್ಬಂದಿ, ನಾಲ್ಕು ಜೀಪು. ಭಗವಂತನ ದಯೆಯಿಂದ ನಾನು ಅಲ್ಲಿ ಗುಮಾಸ್ತ.

ಎರಡು ವರ್ಷ ಜೀಪುಗಳಲ್ಲಿ ಸುತ್ತಿ ಹುಡುಕಿದೆವು. ಬೀದಿಯಲ್ಲಿ ನಡೆಯುತ್ತಿದ್ದವರೆಲ್ಲ ತಮ್ಮ ಕಾರು ನಿಲ್ಲಿಸಿದ ಜಾಗಕ್ಕೆ ಹೋಗುತ್ತಿದ್ದರು. ಕೊನೆಗೆ ನಿಜವಾಗಿ ನಡೆಯುವ ಒಬ್ಬರು ನಮ್ಮ ಕಟ್ಟಡದಲ್ಲೇ ಸಿಕ್ಕರು: ದಾಖಲೆ ಕೋಣೆಯಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರಣ್ಣ.

"ಯಾಕ್ರೀ ನಡ್ಕೊಂಡು ಬರ್ತೀರಿ?" ಎಂದು ಮೇಲಧಿಕಾರಿಗಳು ವಿಚಾರಿಸಿದರು.

"ಕಾಲಿದೆಯಲ್ಲ ಸಾರ್."

"ಕಾಲು ಬರೀ ಸಾಧನ. ಪ್ರೇರಣೆ ಹೇಳಿ. ನಮೂನೆಯಲ್ಲಿ ಮೂರಿದೆ: ಶುದ್ಧ ಗಾಳಿ, ಆರೋಗ್ಯ, ಮುಂದಿನ ಪೀಳಿಗೆ."

ಬೈಂಡರಣ್ಣ ಕೈಗೆ ಮೆತ್ತಿದ್ದ ಗೋಂದನ್ನು ಉಜ್ಜುತ್ತಾ ನಾಚಿಕೊಂಡರು. "ಮಗಳ ಮನೆ ದಾರೀಲಿದೆ ಸಾರ್. ಮೊಮ್ಮಗಳು ಗೇಟು ಹತ್ತಿ ಕಾಯ್ತಿರ್ತಾಳೆ. ಅವಳ ಹತ್ರ ಒಂದು ಟಾಟಾ ಮಾಡಿಸ್ಕೊಳ್ದಿದ್ರೆ ಆವತ್ತೆಲ್ಲಾ ಕೆಲಸಾನೇ ಓಡಲ್ಲ."

"ಮುಂದಿನ ಪೀಳಿಗೆ ಅಂತ ಬರ್ಕೊಳ್ಲಾ ಸಾರ್?" ಎಂದೆ ನಾನು.

"ಏನ್ರೀ ನೀವು! ಅದು ಸಮಸ್ತರ ಪೀಳಿಗೆ. ಇವರು ಹೇಳ್ತಿರೋದು ಇವರೊಬ್ಬರದ್ದು."

ಮಧ್ಯಾಹ್ನವೇ ಆದೇಶವಾಯಿತು: 'ನಮೂನೆಗೆ ಒಳಪಡದ ನಡಿಗೆಯು ಅಂಕಿಅಂಶವನ್ನು ಕೆಡಿಸುವುದರಿಂದ, ಸದರಿಯವರನ್ನು ಪ್ರೇರಣೆ ದೃಢಪಡುವವರೆಗೆ ವಿಭಾಗದ ಜೀಪಿನಲ್ಲಿ ಕರೆತರತಕ್ಕದ್ದು.'

ಜೀಪು ಮಗಳ ಓಣಿಯೊಳಗೆ ಹೋಗದು. ಬೈಂಡರಣ್ಣ ದೊಡ್ಡ ರಸ್ತೆಯಲ್ಲಿ ಬಂದರು. ಆ ವಾರ ಮೂರು ಪುಸ್ತಕಗಳಿಗೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿದರು.

ಒಂಬತ್ತನೆಯ ದಿನ ಮಗಳೇ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಚೇರಿಗೆ ಬಂದಳು. "ತಾತ ಬರ್ಲಿಲ್ಲ ಅಂತ ಇವಳು ಗೇಟು ಬಿಟ್ಟು ಇಳಿಯಲ್ಲ, ತುತ್ತು ಮುಟ್ಟಲ್ಲ. ನಮ್ಮಪ್ಪನ್ನ ನಡೆಯೋಕೆ ಬಿಡಿ ಸಾರ್, ನಿಮಗೆ ಪುಣ್ಯ ಬರುತ್ತೆ."

ಮಗು ಮೇಲಧಿಕಾರಿಗಳನ್ನು ನೋಡಿ ಕೈ ಬೀಸಿತು. ಅವರು ಕುರ್ಚಿಯಿಂದ ಎದ್ದು, ಬಾಗಿಲಿನವರೆಗೆ ಹೋಗಿ, ತಿರುಗಿ ಕೈ ಬೀಸಿದರು.

"ನಾನೀಗ ನಡೆದೆನಾ?"

"ಏಳು ಹೆಜ್ಜೆ ಸಾರ್." ಭಗವಂತನ ಲೀಲೆ, ನಾನೇ ಎಣಿಸಿದ್ದೆ.

ಎರಡನೆಯ ಆದೇಶ ಹೊರಟಿತು: 'ಸದರಿ ಮಗು ಸಾಬೀತಾದ ಪ್ರೇರಣೆಯಾದ್ದರಿಂದ ಒಂದೇ ಕುಟುಂಬ ಬಳಸತಕ್ಕದ್ದಲ್ಲ. ಪ್ರತಿದಿನ ಒಂಬತ್ತರಿಂದ ಹತ್ತರವರೆಗೆ ದೊಡ್ಡ ವೃತ್ತದಲ್ಲಿ ಗೇಟಿನ ಮೇಲೆ ಇರಿಸತಕ್ಕದ್ದು. ನಡೆಯುವವರಿಗೆ ಮಾತ್ರ ಟಾಟಾ.' ವೃತ್ತದಲ್ಲಿ ಗೇಟಿರಲಿಲ್ಲ. ಗೋಡೆಯೂ ಇಲ್ಲದ ಕಡೆ ಒಂದು ಗೇಟು ನಿಲ್ಲಿಸಿದೆವು.

ಮೊದಲ ದಿನವೇ ಜನ ಊರ ಮೂಲೆಮೂಲೆಯಿಂದ ಕಾರಿನಲ್ಲಿ ಬಂದರು, ಇಳಿದು ಗೇಟಿನ ಮುಂದೆ ಹತ್ತು ಹೆಜ್ಜೆ ಹಾಕಿದರು, ಟಾಟಾ ಪಡೆದು ಕಾರು ಹತ್ತಿದರು. ಒಂದೇ ವಾರದಲ್ಲಿ ಪಾದಚಾರಿಗಳ ಸಂಖ್ಯೆ ಒಂದರಿಂದ ನಾಲ್ಕು ಸಾವಿರಕ್ಕೇರಿತು. ಹೊಗೆಯಲ್ಲಿ ಮಗು ಕಾಣಿಸಲೆಂದು ದೀಪವನ್ನೂ ಹಾಕಿಸಿದೆವು.

ಬೈಂಡರಣ್ಣನಿಗೆ ನಡೆಯಲು ಅನುಮತಿ ಸಿಕ್ಕಿತು. ಮೊದಲ ಬೆಳಿಗ್ಗೆ ಓಣಿಯಲ್ಲಿ ಬಂದು ನೋಡಿದರೆ ಗೇಟು ಖಾಲಿ. ಅವರು ಚಿಲಕ ಹಿಡಿದುಕೊಂಡು ನಿಂತಿದ್ದರಂತೆ. ಅತ್ತ ದೊಡ್ಡ ರಸ್ತೆಯಲ್ಲಿ ಮಗು, ತಾತ ಬಾರದೆ ವೃತ್ತಕ್ಕೆ ಹೋಗುವ ಜೀಪು ಹತ್ತುವುದಿಲ್ಲವೆಂದು ಹಠ ಹಿಡಿಯಿತು. ಆದ್ದರಿಂದ ಮೂರನೆಯ ಆದೇಶದಂತೆ ತಾತ ಈಗ ದಿನವೂ ಮೊಮ್ಮಗಳೊಂದಿಗೆ ಜೀಪಿನಲ್ಲಿ ಬರುತ್ತಾರೆ.

"ಹೇಗಿದೆ ಅಣ್ಣ?" ಎಂದು ನಿನ್ನೆ ಕೇಳಿದೆ.

"ಸುಖವಾಗಿದೀನಿ ಸ್ವಾಮಿ. ದಾರಿಯುದ್ದಕ್ಕೂ ತೊಡೆ ಮೇಲೇ ಕೂತಿರ್ತಾಳೆ. ಇನ್ಯಾಕೆ ನಡೀಲಿ?"

ಕಡತದಲ್ಲಿ 'ಪ್ರೇರಣೆ ಈಡೇರಿದೆ' ಎಂದು ಬರೆದು ಮುಚ್ಚಿದೆ. ಮೇಲಧಿಕಾರಿಗಳು ಕುರ್ಚಿಯಲ್ಲೇ ಕುಳಿತು ಸಹಿ ಹಾಕಿದರು.

ಇದನ್ನು ಕೇಳಿದ ನಿಮ್ಮೆಲ್ಲರ ಗೇಟಿನ ಮೇಲೂ ಪುಟ್ಟದೊಂದು ಕೈ ಬೀಸುತ್ತಿರಲಿ. ನೀವು ಯಾವುದರಲ್ಲಿ ಹೊರಟರೂ ಭಗವಂತ ಸುಖವಾಗಿ ಮನೆ ಮುಟ್ಟಿಸಲಿ.