ಜಪಾನಿನ ಪೆಟ್ಟಿಗೆಗೆ ದೊಡವಾಡದ ಕರೆಂಟು

ವಿದ್ಯುಚ್ಛಕ್ತಿಯ ವಿಷಯದಲ್ಲಿ ನಮ್ಮ ದೊಡವಾಡಕ್ಕೂ ಜಪಾನಿಗೂ ಯಾವ ವ್ಯತ್ಯಾಸವೂ ಇಲ್ಲವೆಂಬ ಮಹತ್ವದ ಸಂಗತಿಯನ್ನು ಮೊದಲು ಕಂಡುಹಿಡಿದವನು ನಾನು. ಅದನ್ನು ನಂಬಿದ ಕೊನೆಯವನೂ ನಾನೇ!

ಕಿತ್ತೂರಿನ ನನ್ನ ಸೋದರಮಾವ ಮೂವತ್ತೈದು ವರ್ಷಗಳ ಹಿಂದೆ ತರಬೇತಿಗೆಂದು ಜಪಾನಿಗೆ ಹೋದವರು, ಬರುವಾಗ ಒಂದು ಕಂಪ್ಯೂಟರ್ ಹೊತ್ತು ತಂದಿದ್ದರು. ನೆಟ್ಟಗೆ ನಿಂತ ಬೂದು ಬಣ್ಣದ ಪೆಟ್ಟಿಗೆ. ಬೇರೆ ಕಂಪ್ಯೂಟರುಗಳು ಸಿ.ಡಿ.ಯ ಮುಖವನ್ನೇ ಕಾಣದ ಕಾಲದಲ್ಲಿ ಇದು ಎದೆಯಲ್ಲೇ ಸಿ.ಡಿ.ಯ ಬಾಗಿಲು ಇಟ್ಟುಕೊಂಡು ಹುಟ್ಟಿತ್ತು. ಒಂದೂವರೆ ಕೋಟಿಗೂ ಮಿಕ್ಕಿದ ಬಣ್ಣಗಳಲ್ಲಿ ಇನ್ನೂರೈವತ್ತಾರನ್ನು ಆರಿಸಿ ಒಮ್ಮೆಗೇ ತೋರಿಸಬಲ್ಲದು. ತಾನೇ ಹುಟ್ಟಿಸಿದ ಆರು ದನಿ, ಮುದ್ರಿಸಿಟ್ಟುಕೊಂಡ ಎಂಟು ದನಿ, ಹೀಗೆ ಹದಿನಾಲ್ಕನ್ನು ಒಟ್ಟಿಗೆ ಹೊರಡಿಸಬಲ್ಲದು. ನೆನಪು ಮಾತ್ರ ಎರಡೇ ಎಂ.ಬಿ. ಅವ್ವನ ಮೊಬೈಲಿಗೆ ದಿನಾ ಬರುವ ಶುಭೋದಯದ ಗುಲಾಬಿ ಹೂವು ಅದರಲ್ಲಿ ಹಿಡಿಸುವುದು ಕಷ್ಟ.

ಹದಿನಾಲ್ಕು ದನಿ ಅನುಕರಿಸಲು ನನಗೂ ಬರುತ್ತದೆ. ಬಸ್ ಕಂಡಕ್ಟರು, ಗಿರಣಿಯ ಬೆಲ್ಟು, ಮಾವನ ಕೆಮ್ಮು, ಅವ್ವನ ಬೈಗುಳ. ಹೀಗಾಗಿ ಆ ಪೆಟ್ಟಿಗೆಯನ್ನು ಕಂಡರೆ ನನಗೆ ಅಣ್ಣತಮ್ಮಂದಿರ ಪ್ರೀತಿ.

ಹೆದ್ದಾರಿಯ ಬದಿಗೆ ಮಾವನದೊಂದು ಅಂಗಡಿ ಖಾಲಿ ಇತ್ತು. ಅಲ್ಲಿ ರಿಪೇರಿ ಅಂಗಡಿ ತೆರೆಯಬೇಕೆಂಬುದು ನನ್ನ ಬಾಳಿನ ಏಕೈಕ ಆಸೆ. ಮಾವ ಒಂದು ಪರೀಕ್ಷೆ ಇಟ್ಟರು.

"ಇಪ್ಪತ್ತ ವರ್ಷ ಆತು ಇದರ ಹಾಡ ಕೇಳಿ. ಚಾಲೂ ಮಾಡಿ ಕೇಳಸು, ಅಂಗಡಿ ಕೀಲಿ ನಿನ್ನ ಕೈಯಾಗ. ಆದ್ರ ನೆನಪಿಡು, ಇದು ನೂರ ವೋಲ್ಟಿನ ಜೀವ. ಟ್ರಾನ್ಸ್‌ಫಾರ್ಮರ್ ತರಿಸಿ ಹಚ್ಚು. ನಮ್ಮ ಕರೆಂಟಿಗೆ ಸೀದಾ ಹಚ್ಚಿದ್ರ ಢಂ!"

"ನೀವೇನ ಚಿಂತಿ ಮಾಡಬ್ಯಾಡ್ರಿ ಮಾವಾ," ಎಂದೆ. ಚಿಂತೆ ಮಾಡಬೇಕಾದ ಜಾಗ ಅದೇ ಆಗಿತ್ತು.

ಪೆಟ್ಟಿಗೆ ಮನೆಗೆ ಬಂದ ದಿನವೇ ನನ್ನ ಕಣ್ಣು ಟಿ.ವಿ. ಪಕ್ಕದ ಸ್ಟೆಬಿಲೈಜರಿನಲ್ಲಿ ವೋಲ್ಟು ತೋರಿಸುವ ಮುಳ್ಳಿನ ಮೇಲೆ ಬಿತ್ತು. ಮಧ್ಯಾಹ್ನ ಹೊಲಗಳಿಗೆ ಕರೆಂಟು ಬಿಟ್ಟು ಊರಿನ ಪಂಪುಗಳೆಲ್ಲ ಒಮ್ಮೆಲೇ ನೀರೆತ್ತತೊಡಗಿದಾಗ ಮುಳ್ಳು ಸೋತು ಸುಣ್ಣವಾಗಿ ಕೆಳಗೆ ಬಂದು ಮಲಗಿತ್ತು. ಎಷ್ಟಕ್ಕೆ? ನೂರಕ್ಕೆ! ಇನ್ನೇಕೆ ಟ್ರಾನ್ಸ್‌ಫಾರ್ಮರು? ಕಬ್ಬಿಗೆ ನೀರು ಹಾಯಿಸುವ ಹೊತ್ತಿನಲ್ಲಿ ನಮ್ಮೂರೇ ಜಪಾನು!

ಎರಡು ದಿನ ಅದೇ ಹೊತ್ತಿಗೆ ಹಚ್ಚಿ ನೋಡಿದೆ. ಸಿ.ಡಿ. ಗರ್ರೆಂದು ತಿರುಗಿತು, ಟಿಂಗೆಂದಿತು, ಹಾಡಿತು. ಮಾವನಿಗೆ ಫೋನು ಮಾಡಿ, ಗುರುವಾರ ಮೂರು ಗಂಟೆಗೆ ಕೀಲಿಯ ಸಮೇತ ದಯಮಾಡಿಸಬೇಕೆಂದು ವಿನಂತಿಸಿಕೊಂಡೆ.

ಗುರುವಾರ ಎರಡೂವರೆಗೇ ಹಚ್ಚಿಟ್ಟೆ. ಮುಳ್ಳು ನೂರರಲ್ಲಿ, ಹಾಡು ಹದಿನಾಲ್ಕು ದನಿಯಲ್ಲಿ. ಆಗ ಪಡುವಣದಲ್ಲಿ ಗುಡುಗಿತು.

ಬೇಸಿಗೆಯ ಮೋಡ ಕಂಡು ಊರಿಗೆ ಊರೇ ಹಿಗ್ಗಿತು. ನಾನು ಮಾತ್ರ ಮುಳ್ಳಿನತ್ತ ತಿರುಗಿದೆ. ಮಳೆ ಬಂದರೆ ಪಂಪು ಬಂದ್. ಪಂಪು ಬಂದ್ ಆದರೆ ಮುಳ್ಳು ಮೇಲೆ. ಮುಳ್ಳು ಮೇಲೆ ಹೋದರೆ ಜಪಾನು ಹೋಗಿ ದೊಡವಾಡ ಉಳಿಯುತ್ತದೆ!

ಊರಿನ ದೊಡ್ಡ ಪಂಪು ಈರಪ್ಪ ಕಾಕಾನದು. ಫೋನು ಹಚ್ಚಿ ಲೈನ್‌ಮನ್ನಿನ ದನಿ ತೆಗೆದೆ: "ಈರಪ್ಪಣ್ಣಾ, ನಾಕ ಗಂಟೆತನಕ ಯಾರೂ ಪಂಪ್ ಬಂದ್ ಮಾಡಬಾರದಂತ ಆರ್ಡರ್ ಆಗೇತ್ರಿ!"

"ಲೇ ಮಲ್ಲ್ಯಾ," ಎಂದಿತು ಫೋನು, "ಲೈನ್‌ಮನ್ ನನ್ನ ಬಾಜೂಕ ಕುಂತ ಚಹಾ ಕುಡ್ಯಾಕತ್ತಾನ. ಕೊಡ್ಲೇನು?"

ಇಟ್ಟೆ. ಮುಳ್ಳು ನೂರಿಪ್ಪತ್ತಕ್ಕೆ ಏರಿತ್ತು. ಸ್ವಿಚ್ಚಿನತ್ತ ಕೈ ಚಾಚುವಷ್ಟರಲ್ಲಿ ಮಾಳಿಗೆಯಿಂದ ಅವ್ವನ ಕೂಗು.

"ಮಲ್ಲ್ಯಾ! ಶ್ಯಾವಿಗಿ ತೋಯ್ತಾವೋ! ಓಡಿ ಬಾ!"

ನಮ್ಮ ಮನೆಯಲ್ಲಿ ಒಣಹಾಕಿದ ಶ್ಯಾವಿಗೆಯ ಮುಂದೆ ಮನುಷ್ಯಪ್ರಾಣಕ್ಕೆ ಬೆಲೆಯಿಲ್ಲ. ಓಡಿದೆ. ಶ್ಯಾವಿಗೆ ಬದುಕಿತು. ಕೆಳಗಿಳಿದರೆ ಮುಳ್ಳು ಇನ್ನೂರ ಮೂವತ್ತರಲ್ಲಿ ಎದೆಯುಬ್ಬಿಸಿ ನಿಂತಿತ್ತು. ಪೆಟ್ಟಿಗೆಯ ಬೆನ್ನಿನಿಂದ ತೆಳ್ಳನೆಯ ಹೊಗೆ. ಹದಿನಾಲ್ಕೂ ದನಿ ಮೌನ.

ಅದೇ ಗಳಿಗೆಗೆ ಅಂಗಳದಲ್ಲಿ ಮಾವನ ಕೆಮ್ಮು. ಈ ಸಲ ನನ್ನದಲ್ಲ, ಮಾವನದೇ!

ತೊಯ್ದು ಬಂದ ಅಣ್ಣನನ್ನು ಅವ್ವ ಪಡಸಾಲೆಯಲ್ಲಿ ಕೂರಿಸಿ ಟವೆಲು, ಚಹಾ ಕೊಟ್ಟಳು.

"ಚಾಲೂ ಐತೇನೋ?" ಎಂದರು ಮಾವ.

"ಭಾಳ ಬಿಸಿ ಆಗೇತ್ರಿ ಮಾವಾ," ಎಂದೆ ಒಳಗಿನಿಂದ. ಅಂದು ನಾನಾಡಿದ ಒಂದೇ ಒಂದು ಸತ್ಯ. "ಒಳಗ ಬರಬ್ಯಾಡ್ರಿ, ತೊಯ್ದೀರಿ, ಶಾಕ್ ಹೊಡೀತೈತಿ. ಅಲ್ಲೇ ಕುಂತ ಕೇಳ್ರಿ!"

ಬಾಗಿಲು ಮುಚ್ಚಿದೆ. ಕಣ್ಣು ಮುಚ್ಚಿದೆ. ಅಂಗೈ ಬಾಯಿಗಿಟ್ಟು ಹದಿನೈದನೆಯ ದನಿ ತೆಗೆದೆ. ಗರ್ರ್ ಎಂದು ಸಿ.ಡಿ. ತಿರುಗಿಸಿದೆ. ಟಿಂಗ್ ಎಂದೆ. ಎರಡು ದಿನ ಕೇಳಿದ ಹಾಡನ್ನು ಮೂಗು, ಗಂಟಲು, ಹೊಟ್ಟೆ ಮೂರರಿಂದಲೂ ಬಾರಿಸಿದೆ. ತಾಳಕ್ಕೆ ಕಾಲನ್ನೂ ಬಳಸಿಕೊಂಡೆ. ಹೊರಗೆ ಚಹಾದ ಕಪ್ಪು-ಬಸಿಯ ಸದ್ದೂ ಇಲ್ಲ. ಮೆಚ್ಚಿದರೆಂದುಕೊಂಡು ಹಾಡನ್ನು ಇನ್ನೊಂದು ಸುತ್ತು ತಿರುಗಿಸಿದೆ.

ಬಾಗಿಲು ಕಿರ್ರೆಂದಿತು. ಕಣ್ಣು ಬಿಟ್ಟೆ. ಕೋಣೆ ಕತ್ತಲು. ಫ್ಯಾನು ಅಲುಗಾಡದೆ ನಿಂತಿತ್ತು. ಸ್ಟೆಬಿಲೈಜರಿನ ಮುಳ್ಳು ಸೊನ್ನೆಯಲ್ಲಿತ್ತು. ಹೊಸ್ತಿಲ ಮೇಲೆ ಮಾವ, ಬೆರಳಲ್ಲಿ ಕೀಲಿ.

"ಜಪಾನದವರ ಮುಂದ ಯಾರೂ ಇಲ್ಲ ಬಿಡೋ," ಎಂದರು ಶಾಂತವಾಗಿ. "ಊರಾಗ ಕರೆಂಟ್ ಹೋಗಿ ಹತ್ತ ಮಿನಿಟ್ ಆತು. ನಿನ್ನ ಮಶೀನ್ ಇನ್ನೂ ಹಾಡಾಕತ್ತೇತಿ!"

ಕೀಲಿ ಮೆಲ್ಲಗೆ ಕಿಸೆಯೊಳಗೆ ಇಳಿಯಿತು. ಅದು ಇಳಿದ ಸದ್ದನ್ನು ಮಾತ್ರ ಇವತ್ತಿಗೂ ನನಗೆ ಅನುಕರಿಸಲು ಬರುವುದಿಲ್ಲ.

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾವ ಸುಟ್ಟ ಪೆಟ್ಟಿಗೆಯ ಬೆನ್ನು ಸವರಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ಇನ್ನೊಮ್ಮೆ ಬಾರ್ಸು. ಮದಲಿನ ಗರ್ರ್ ಖರೇನ ಹಂಗ ಬಂದಿತ್ತು."

ಅಂಗಡಿ ಇನ್ನೂ ಖಾಲಿಯೇ ಇದೆ. ಮಾವ ಬಂದಾಗಲೆಲ್ಲ ಚಹಾ ಕುಡಿದು, "ಹಚ್ಚೋ ಮಲ್ಲ್ಯಾ," ಎನ್ನುತ್ತಾರೆ. ನಾನು ಹತ್ತಿಕೊಳ್ಳುತ್ತೇನೆ. ಬಣ್ಣ ಒಂದೂ ತೋರಿಸಲಾರೆ, ಸಿ.ಡಿ. ನುಂಗಲಾರೆ. ಆದರೆ ಒಂದು ಗುಣವಂತೂ ಉಂಟು: ನನಗೆ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ!