ಇಬ್ಬರು ಬಂದರಷ್ಟೇ ಓದುವ ಜ್ವರ

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಯಾರಿಗೆ ಎಷ್ಟು ಜ್ವರ ಬರಬೇಕೆಂಬುದನ್ನು ನಮ್ಮ ಮಾವನವರೇ ತೀರ್ಮಾನಿಸುತ್ತಿದ್ದರು. ನಗಬೇಡಿ! ನಾನು ಸೊಸೆಯಾಗಿ ಬಂದಾಗ ಓಣಿಗೆಲ್ಲ ಇದ್ದದ್ದು ಒಂದೇ ಥರ್ಮಾಮೀಟರು. ಅದು ಅರಿವೆ ಅಂಗಡಿಯ ನಮ್ಮ ಮಾವನವರ ಅಂಗಿಯ ಕಿಸೆಯಲ್ಲಿತ್ತು. ಕನ್ನಡಕ ಮರೆತು ಅಂಗಡಿಗೆ ಹೋದಾರು, ಅದನ್ನು ಮರೆತವರಲ್ಲ. ಧೋತರ ಕೊಳ್ಳಲು ಬಂದ ಗಟ್ಟಿಮುಟ್ಟಾದ ಗಿರಾಕಿಗಳ ಕಂಕುಳಿಗೂ ಇಟ್ಟು ನೋಡುತ್ತಿದ್ದರು. ಜ್ವರ ಇಲ್ಲವೆಂದು ತಿಳಿದರೆ ಮುಖ ಸಣ್ಣದಾಗುತ್ತಿತ್ತು.

ಓಣಿಯಲ್ಲಿ ರೋಗ ನೋಡುವವರು ಇಬ್ಬರು: ಒಬ್ಬರು ವೈದ್ಯರು, ಇನ್ನೊಬ್ಬರು ಹಕೀಮ ಸಾಹೇಬರು. ಯಾವುದಾದರೂ ಒಂದು ತಾಗಲಿ ಎಂದು ಮಂದಿ ಇಬ್ಬರ ಔಷಧಿಯನ್ನೂ ನುಂಗುತ್ತಿದ್ದರು. ಇಬ್ಬರಿಗೂ ಬೇಕಾದದ್ದು ಇದೇ ಥರ್ಮಾಮೀಟರು. ಒಮ್ಮೆ ವೈದ್ಯರು ಒಬ್ಬ ಮುದುಕನ ಜ್ವರ ನೋಡಿ, ಪಾದರಸ ಇಳಿಯಲೆಂದು ಝಾಡಿಸಿ ಇಟ್ಟರು. ಹಿಂದೆಯೇ ಬಂದ ಹಕೀಮರು ಮುದುಕನಿಗೆ ಇಡದೆ ಹಾಗೇ ಎತ್ತಿ ನೋಡಿದರೆ ಜ್ವರವೇ ಇಲ್ಲ! ವೈದ್ಯರು ಗಂಜಿಯೂ ಕೂಡದು ಎಂದಿದ್ದರು, ಹಕೀಮರು ಹೋಳಿಗೆಗೇ ಪರವಾನಗಿ ಕೊಟ್ಟರು. ಮುದುಕ ಹಕೀಮರ ಪಕ್ಷ ಸೇರಿದ.

ಅಂದೇ ಮಾವನವರು ಕಾನೂನು ಮಾಡಿದರು. "ಇನ್ನ ಮ್ಯಾಲೆ ಯಾರೂ ಮುಟ್ಟಬ್ಯಾಡ್ರಿ. ನಾನ ಇಡತೀನಿ, ನಾನ ಓದತೀನಿ. ಇಬ್ರೂ ನಿಂತು ಒಮ್ಮೆಲೇ ಕೇಳ್ರಿ." ಇಬ್ಬರೂ ಬಂದು ಸೇರುವವರೆಗೆ ಪಾದರಸ ಎಲ್ಲಿಗೆ ಏರಿದೆಯೆಂದು ಯಾರಿಗೂ ಹೇಳುವಂತಿಲ್ಲ. ದೇಶಕ್ಕೆ ಆಗತಾನೇ ಸಂವಿಧಾನ ಬಂದಿತ್ತು, ನಮ್ಮ ಓಣಿ ಹಿಂದೆ ಬೀಳುವುದುಂಟೆ?

ಹೀಗಿರುವಾಗ ಒಂದು ದಿನ ತೊಟ್ಟಿಲಲ್ಲಿದ್ದ ನನ್ನ ಮಗಳಿಗೆ ಜ್ವರ ಏರಿತು. ಕೂಸು ಹಾಲು ಕುಡಿಯುವುದನ್ನೇ ಬಿಟ್ಟಿತು. ವೈದ್ಯರು ಓಡಿ ಬಂದರು. ಹಕೀಮರು ರಾಜೂರಿಗೆ ಹೋಗಿದ್ದರು. ಮಾವನವರು ಕೂಸಿನ ಕಂಕುಳಲ್ಲಿ ಥರ್ಮಾಮೀಟರು ಇಟ್ಟರು, ತೆಗೆದರು, ಹಾಗೇ ಹಿಡಿದುಕೊಂಡು ತಲೆ ತಗ್ಗಿಸಿ ಕೂತರು.

"ಎಷ್ಟೈತ್ರಿ?" ವೈದ್ಯರು ಕೇಳಿದರು.

"ಸಾಹೇಬ್ರು ಬರ್ಲಿ."

"ಅವರು ಬರೂದು ಸಂಜಿ ಆಗತೈತ್ರಿ."

"ಕಾನೂನಂದ್ರ ಕಾನೂನ್ರಿ."

ಕೂಸು ಕೆಂಡದಂತೆ ಸುಡುತ್ತಿದೆ, ಇವರಿಗೆ ಕಾನೂನು! ಸೊಸೆಯಾದವಳು ಮಾವನೆದುರು ದನಿ ಎತ್ತದ ಕಾಲ ಅದು. ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ ಅವರ ಮುಂದೆ ಹೋಗಿ ನಿಂತೆ.

"ಮಾವಾರ, ನಿಮ್ಮ ಕಾನೂನಿಗೆ ಬೆಂಕಿ ಬೀಳ್ಲಿ. ಓದತೀರೋ ಇಲ್ಲೋ?"

ಅವರು ತಲೆ ಎತ್ತಿದರು. ಕಣ್ಣಲ್ಲಿ ನೀರು ಧಾರೆಯಾಗಿ ಹರಿಯುತ್ತಿತ್ತು.

"ಓದಾಕ ಆಗವಲ್ದವಾ. ಆಗ್ಲಿಂದ ನೋಡಾಕತ್ತೀನಿ, ಗೆರಿನೇ ಕಾಣವಲ್ದು. ಸಾಲಿ ಕಲತಾಕಿ, ನೀನ ನೋಡು."

ಥರ್ಮಾಮೀಟರನ್ನು ನನ್ನ ಕೈಯಲ್ಲಿಟ್ಟರು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪಾದರಸ ನೂರಾ ನಾಲ್ಕು ದಾಟಿತ್ತು. ವೈದ್ಯರನ್ನು ಪಡಸಾಲೆಗೆ ಕರೆದು ಮೆಲ್ಲಗೆ ಇದ್ದದ್ದು ಹೇಳಿದೆ. ಅವರು ತಣ್ಣೀರಿನ ಅರಿವೆ ತರಿಸಿ, ಕಷಾಯ ಕಾಸಲು ಹೇಳಿದರು.

ನಾನು ಒಳಗೆ ಬಂದಾಗ ಮಾವನವರು ತೊಟ್ಟಿಲ ಹಗ್ಗ ಹಿಡಿದು ಕೂತಿದ್ದರು.

"ಎಷ್ಟೈತವಾ?"

"ನೂರಾ ಒಂದ್ರಿ, ಮಾವಾರ."

"ಹಂಗಾರ ಅಂಜೂದೇನಿಲ್ಲಲ್ಲ?"

"ಏನಿಲ್ರಿ."

ಸಂಜೆ ಕೂಸು ಬೆವತು, ಕಣ್ಣು ಬಿಟ್ಟು, ಹಾಲು ಕುಡಿಯಿತು. ಅಲ್ಲಿಯವರೆಗೂ ಮಾವನವರು ನನ್ನ ಆ ಒಂದು ಸುಳ್ಳನ್ನೇ ನಂಬಿಕೊಂಡು ತೊಟ್ಟಿಲು ತೂಗುತ್ತಿದ್ದರು.